ಇತಿಹಾಸದ ಬಗ್ಗೆ ದೂರುವವರು ಮತ್ತು ಅದನ್ನು ಬರೆಯುವವರು

(ಪದವಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾಗಿದ್ದ ಅಧ್ಯಯನ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇತಿಹಾಸಕಾರನ ಕೆಲಸವೇನು, ಅದಕ್ಕೆ ಬೇಕಾದ ಸಾಮರ್ಥ್ಯಗಳೇನು ಎಂಬ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಬೆಳಗ್ಗಿನ ಚಹಾ ವಿರಾಮದಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ಮಾತಿಗೆ ಕುಳಿತಿದ್ದೆವು. ಅವರಲ್ಲೊಬ್ಬರು ನಮ್ಮ ಪಠ್ಯಪುಸ್ತಕಗಳಲ್ಲಿ ಮುಸ್ಲಿಮರ ಇತಿಹಾಸವನ್ನು ತಿರುಚಲಾಗಿದೆಯೆಂದು ಬಹಳ ನೋವಿನಿಂದ ಹೇಳಿದರು. ನೀವು ಯಾವ ವಿಷಯ ಓದುತ್ತಿದ್ದೀರಿ ಎಂದು ವಿಚಾರಿಸಿದಾಗ ವಾಣಿಜ್ಯವೆಂದರು. ಮತ್ತೊಬ್ಬರು ವಿಜ್ಞಾನ. ಇತಿಹಾಸವನ್ನು ಯಾಕೆ ಆಯ್ದುಕೊಳ್ಳಲಿಲ್ಲವೆಂದು ಕೇಳಿದ್ದಕ್ಕೆ, 'ಅದನ್ನು ಓದಿ ಏನು ಮಾಡುವುದು ಸರ್?' ಎಂಬ ಉತ್ತರ ಬಂತು.

ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿರಿ. ಇತಿಹಾಸ ತಪ್ಪಾಗಿದೆ ಎಂಬ ದೂರು ನಮ್ಮಲ್ಲಿ ಧಾರಾಳವಾಗಿದೆ. ಆದರೆ ಅದನ್ನು ಸರಿಪಡಿಸುವ ಕೆಲಸವನ್ನು ಕಲಿಯುವವರು ಮಾತ್ರ ವಿರಳ. ದೂರುವುದಕ್ಕೆ ಕೋಪವಷ್ಟೇ ಸಾಕಾಗುತ್ತದೆ. ಬರೆಯುವುದಕ್ಕೆ ವಿದ್ಯೆ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತನಗೆ ಪ್ರಿಯವಾದುದನ್ನೂ ಪ್ರಶ್ನಿಸುವ ಪ್ರಾಮಾಣಿಕತೆ ಬೇಕು. ಇಂದು ಆ ವಿದ್ಯೆಯನ್ನು ನಿಮಗೆ ಪರಿಚಯಿಸಲು ಯತ್ನಿಸುತ್ತೇವೆ.

ಇತಿಹಾಸಕಾರ ವಕೀಲನಲ್ಲ

ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂಬ ಭಾವನೆ ನಮ್ಮಲ್ಲಿದೆ. ಅದು ಪರೀಕ್ಷೆಗಾಗಿ ಓದುವ ಇತಿಹಾಸ. ಗತಕಾಲದ ಬಹುಪಾಲು ಯಾವ ಕುರುಹನ್ನೂ ಉಳಿಸದೆ ಅಳಿದುಹೋಗಿದೆ. ಉಳಿದಿರುವುದು ಕೆಲವು ಕಲ್ಲು, ಕೆಲವು ಕಾಗದ, ನಾಣ್ಯ, ಕಟ್ಟಡ ಮತ್ತು ಜನರ ಬಾಯಲ್ಲಿರುವ ಮಾತು. ಈ ಅಳಿದುಳಿದ ಸಾಕ್ಷ್ಯಗಳನ್ನು ಹುಡುಕಿ, ಓದಿ, ಪರೀಕ್ಷಿಸಿ, ಒಂದಕ್ಕೊಂದನ್ನು ಹೋಲಿಸಿ, ಏನು ನಡೆದಿರಬಹುದು ಮತ್ತು ಯಾಕೆ ನಡೆಯಿತು ಎಂದು ವಿವರಿಸುವವನೇ ಇತಿಹಾಸಕಾರ.

ವಕೀಲನೂ ಸಾಕ್ಷ್ಯಗಳನ್ನೇ ಹುಡುಕುತ್ತಾನೆ. ಆದರೆ ತನ್ನ ಕಕ್ಷಿದಾರನಿಗೆ ಅನುಕೂಲವಾದುದನ್ನು ಮಾತ್ರ ಮುಂದಿಡುತ್ತಾನೆ. ಇತಿಹಾಸಕಾರನಿಗೆ ಕಕ್ಷಿದಾರನಿಲ್ಲ. ತನ್ನ ವಾದಕ್ಕೆ ವಿರುದ್ಧವಾದ ಪತ್ರವೊಂದು ಕೈಗೆ ಸಿಕ್ಕರೆ ಅದನ್ನೂ ಮೇಜಿನ ಮೇಲಿಡಬೇಕಾದುದು ಅವನ ಧರ್ಮ. ಇಂದು ಇತಿಹಾಸದ ಹೆಸರಿನಲ್ಲಿ ನಡೆಯುವ ಟಿ.ವಿ. ಚರ್ಚೆಗಳಲ್ಲಿ ಎರಡೂ ಕಡೆ ವಕೀಲರೇ ತುಂಬಿರುವುದನ್ನು ನೀವು ಕಂಡಿದ್ದೀರಿ.

ಮಂಗಳೂರಿನ ಬೊಮ್ಮ ಮತ್ತು ಕೈರೋದ ಕಾಗದ

ಇತಿಹಾಸಕಾರನಿಗೆ ಬೇಕಾದ ಮೊದಲ ಸಾಮರ್ಥ್ಯ ಭಾಷೆ ಮತ್ತು ಲಿಪಿ. ಇದಕ್ಕೆ ನಮ್ಮ ಕರಾವಳಿಯದೇ ಒಂದು ಉದಾಹರಣೆಯಿದೆ.

ಹಳೆ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಝ್ರಾ ಎಂಬ ಯಹೂದಿ ಪ್ರಾರ್ಥನಾಲಯವಿದೆ. ದೇವನಾಮವಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದೆಂಬ ನಂಬಿಕೆಯಿಂದ ಅಲ್ಲಿನವರು ಬಳಸಿ ಮುಗಿದ ಕಾಗದಗಳನ್ನು ಒಂದು ಕೋಣೆಯೊಳಗೆ ಹಾಕುತ್ತಿದ್ದರು. ಆ ಕೋಣೆಗೆ ಗೆನಿಝಾ ಎಂದು ಹೆಸರು. ಶತಮಾನಗಳ ಕಾಲ ಅಲ್ಲಿ ವ್ಯಾಪಾರದ ಪತ್ರ, ಲೆಕ್ಕಪತ್ರ, ಮದುವೆ ಕರಾರುಗಳೆಲ್ಲ ಬಿದ್ದುಕೊಂಡಿದ್ದವು. 1896-97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದರು. ಉಳಿದವು ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಿಗೆ ಹಂಚಿಹೋದವು. ಎಸ್.ಡಿ. ಗೊಯ್‌ಟೈನ್ ಎಂಬ ವಿದ್ವಾಂಸರು ದಶಕಗಳ ಕಾಲ ಕುಳಿತು ಇವುಗಳನ್ನು ಓದಿದರು.

ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳಿದ್ದವು. ಟುನೀಶಿಯಾ ಮೂಲದ ಈತ ಏಡನ್ ಮಾರ್ಗವಾಗಿ ಬಂದು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದ. 1149ರಲ್ಲಿ ಮರಳಿ ಹೋದ. ಅಷ್ಟು ವರ್ಷ ನಮ್ಮ ಕಡೆಯ ಕರಿಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಸಮುದ್ರ ದಾಟುತ್ತಿತ್ತು. ಏಡನ್‌ನ ಮಿತ್ರರು ಅವನಿಗೆ ಬರೆಯಲು ಕಾಗದ ಕಳುಹಿಸುತ್ತಿದ್ದರು. ಯಹೂದಿ ವರ್ತಕರು, ಅರಬಿ ಹಡಗುಗಳು, ತುಳುನಾಡಿನ ಜನರು ಒಂದೇ ಬಂದರಿನಲ್ಲಿ ಕೊಡುಕೊಳ್ಳುವಿಕೆ ನಡೆಸುತ್ತಿದ್ದ ಚಿತ್ರ ಆ ಪತ್ರಗಳಲ್ಲಿದೆ.

ಏಡನ್‌ನಿಂದ ಬಂದ ಪತ್ರಗಳಲ್ಲಿ ಬೆನ್ ಯಿಜುವಿನ ಒಬ್ಬ ಸೇವಕನಿಗೂ ಸಲಾಮ್ ಹೇಳಲಾಗಿದೆ. ಅವನ ಹೆಸರು ಕೆಲವೇ ಅಕ್ಷರಗಳಲ್ಲಿತ್ತು. ಲೇಖಕ ಅಮಿತಾವ್ ಘೋಷ್ ಈ ಸೇವಕನ ಬೆನ್ನುಹತ್ತಿದರು. ಆ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಈಜಿಪ್ಟಿನ ಹಳ್ಳಿಯಲ್ಲಿ ಕಲಿತ ಆಡುಮಾತಿನ ಅರಬಿ ಅವರಿಗೆ ಅಲ್ಲಿ ನೆರವಾಯಿತು. ಆದರೆ ಆ ಹೆಸರು ಯಾವುದೆಂಬುದಕ್ಕೆ ಉತ್ತರ ಕೇಂಬ್ರಿಡ್ಜ್‌ನಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲಿ ಸಿಕ್ಕಿತು. ತುಳು ಜಾನಪದ ವಿದ್ವಾಂಸರಾದ ಬಿ.ಎ. ವಿವೇಕ ರೈಯವರು ಅದು 'ಬೊಮ್ಮ' ಆಗಿರಬಹುದೆಂದು ಸೂಚಿಸಿದರು. ಹೀಗೆ ಸುಮಾರು 850 ವರ್ಷಗಳ ಹಿಂದಿನ ಒಬ್ಬ ಸಾಮಾನ್ಯ ಸೇವಕನಿಗೆ ಹೆಸರು ಮರಳಿ ಸಿಕ್ಕಿತು. 1992ರಲ್ಲಿ ಪ್ರಕಟವಾದ ಘೋಷ್‌ರ ಕೃತಿಯಲ್ಲಿ ಈ ಕಥನವಿದೆ.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಅರಬಿಯನ್ನು ಮದ್ರಸದಲ್ಲಿ ಹತ್ತು ಹನ್ನೆರಡು ವರ್ಷ ಓದುವವರು ನಮ್ಮಲ್ಲಿದ್ದಾರೆ. ತುಳು, ಬ್ಯಾರಿ, ನವಾಯತಿ, ದಖನಿ ನಮ್ಮ ಮನೆಮಾತುಗಳು. ಕನ್ನಡ ನಮ್ಮ ಶಾಲೆಯ ಭಾಷೆ. ಒಬ್ಬ ಇತಿಹಾಸಕಾರ ಅರ್ಧ ಆಯುಷ್ಯ ಕಳೆದು ಸಂಪಾದಿಸುವ ಬಂಡವಾಳ ನಮ್ಮ ಹದಿನೆಂಟರ ಹುಡುಗನ ಬಳಿ ಆಗಲೇ ಇದೆ. ಅದು ಬಂಡವಾಳವೆಂದು ಅವನಿಗೆ ಯಾರೂ ಹೇಳಿಲ್ಲ. ಮದ್ರಸದವರು ಶಾಸನವನ್ನು ಓದುವುದಿಲ್ಲ, ಕಾಲೇಜಿನವರು ಅರಬಿಯನ್ನು ಓದುವುದಿಲ್ಲ. ಈ ಎರಡು ಬಾಗಿಲುಗಳ ನಡುವೆ ನಮ್ಮ ಇತಿಹಾಸ ಅನಾಥವಾಗಿ ನಿಂತಿದೆ. ಎರಡೂ ಕಡೆ ಓದಿದ ನಾವು ಇದನ್ನು ಅನುಭವದಿಂದಲೇ ಹೇಳುತ್ತಿದ್ದೇವೆ.

ಪತ್ರ ಹಳೆಯದಾದ ಮಾತ್ರಕ್ಕೆ ಸತ್ಯವಲ್ಲ

ಎರಡನೆಯದು ಪರೀಕ್ಷಿಸುವ ಸಾಮರ್ಥ್ಯ. ಹನ್ನೊಂದನೇ ಶತಮಾನದ ಬಗ್ದಾದಿನಲ್ಲಿ ನಡೆದುದೆಂದು ಚರಿತ್ರೆಕಾರರು ದಾಖಲಿಸಿರುವ ಘಟನೆಯೊಂದನ್ನು ಕೇಳಿರಿ. ಖೈಬರಿನ ಯಹೂದಿಯರಿಗೆ ಜಿಝ್ಯಾ ತೆರಿಗೆಯಿಂದ ಪ್ರವಾದಿಯವರೇ(ಸ) ವಿನಾಯಿತಿ ನೀಡಿದ್ದರು ಎನ್ನುವ ಪತ್ರವೊಂದು ಮಂತ್ರಿಯ ಮುಂದೆ ಬಂತು. ಅದರಲ್ಲಿ ಸಹಾಬಿಗಳ ಸಾಕ್ಷ್ಯವೂ ಇತ್ತು. ಮಂತ್ರಿ ಅದನ್ನು ಖತೀಬ್ ಬಗ್ದಾದಿಯವರಿಗೆ ತೋರಿಸಿದರು. 1071ರಲ್ಲಿ ನಿಧನರಾದ ಈ ವಿದ್ವಾಂಸರು ಬಗ್ದಾದಿನ ಇತಿಹಾಸವನ್ನೂ ಅಲ್ಲಿನ ಸಾವಿರಾರು ಮಂದಿಯ ಜೀವನ ವಿವರಗಳನ್ನೂ ಬರೆದವರು. ಅವರು ಪತ್ರವನ್ನು ನೋಡಿ ಇದು ನಕಲಿ ಎಂದರು. ಕಾರಣ ಸರಳವಾಗಿತ್ತು. ಸಾಕ್ಷಿಗಳಲ್ಲೊಬ್ಬರು ಮುಆವಿಯಾ. ಅವರು ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರಲ್ಲಿ, ಮಕ್ಕಾ ವಿಜಯದ ವೇಳೆ. ಖೈಬರ್ ಘಟನೆ ಹಿಜರಿ 7ರದ್ದು. ಇನ್ನೊಬ್ಬ ಸಾಕ್ಷಿ ಸಅದ್ ಬಿನ್ ಮುಆದ್. ಅವರು ಹಿಜರಿ 5ರಲ್ಲೇ ಮರಣ ಹೊಂದಿದ್ದರು!

ಇಲ್ಲಿ ಖತೀಬರು ಯಾರ ಮೇಲೂ ಕೋಪಿಸಿಕೊಳ್ಳಲಿಲ್ಲ. ಎರಡು ಇಸವಿಗಳನ್ನು ಹೇಳಿದರು, ಅಷ್ಟೇ. ಇದಾದ ಸುಮಾರು ನಾಲ್ಕು ಶತಮಾನಗಳ ಬಳಿಕ, 1440ರಲ್ಲಿ, ಇಟಲಿಯ ಲೊರೆಂಜೊ ವಲ್ಲಾ ಇದೇ ಬಗೆಯ ಕೆಲಸ ಮಾಡಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪರಿಗೆ ಅಧಿಕಾರ ದಾನ ಮಾಡಿದನೆಂಬ ಪ್ರಸಿದ್ಧ ಪತ್ರದ ಲ್ಯಾಟಿನ್ ಭಾಷೆ ಆ ಚಕ್ರವರ್ತಿಯ ಕಾಲದ್ದಲ್ಲವೆಂದು ತೋರಿಸಿ ಅದು ನಕಲಿಯೆಂದು ಸಾಬೀತುಪಡಿಸಿದರು.

ಇಸವಿಯನ್ನು ಓದುವುದೂ ಒಂದು ವಿದ್ಯೆಯೇ. ಶಾಸನದ ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಹಿಜರಿಗೆ 622 ಕೂಡಿಸಿದರೆ ಸಿಗದು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. ಹಿಜರಿ 1000 ಎಂದರೆ ಕ್ರಿ.ಶ. 1591-92. ಬರೇ ಕೂಡಿಸಿದವನು 1622 ಎಂದು ಬರೆದು ಮೂವತ್ತು ವರ್ಷ ತಪ್ಪುತ್ತಾನೆ. ಟಿಪ್ಪು ಸುಲ್ತಾನ್ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಗಣನೆಯನ್ನು ಜಾರಿಗೆ ತಂದಾಗ ನಾಣ್ಯದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆ ಗಣನೆಯ 1215ನೇ ವರ್ಷದ ನಾಣ್ಯವನ್ನು ತಿಳಿಯದವನು ಓದಿದರೆ 5121 ಎಂದಾಗುತ್ತದೆ.

ಇಬ್ನ್ ಖಲ್ದೂನರ ಪಾಠ

1332ರಲ್ಲಿ ಟುನೀಸ್‌ನಲ್ಲಿ ಜನಿಸಿದ ಇಬ್ನ್ ಖಲ್ದೂನರು 1377ರಲ್ಲಿ 'ಮುಕದ್ದಿಮ' ಬರೆದು ಮುಗಿಸಿದರು. ಇತಿಹಾಸದಲ್ಲಿ ಸುಳ್ಳು ಯಾಕೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಅವರು ಕಾರಣಗಳನ್ನು ಕೊಡುತ್ತಾರೆ. ತನ್ನ ಪಂಗಡದ ಮೇಲಿನ ಪಕ್ಷಪಾತ, ಹೇಳಿದವರನ್ನು ಕಣ್ಣುಮುಚ್ಚಿ ನಂಬುವುದು, ಅಧಿಕಾರಸ್ಥರನ್ನು ಹೊಗಳುವ ಆಸೆ, ಸಮಾಜ ಹೇಗೆ ನಡೆಯುತ್ತದೆಂಬ ತಿಳಿವಳಿಕೆಯ ಕೊರತೆ ಅವುಗಳಲ್ಲಿ ಮುಖ್ಯವಾದವು.

ಮೂಸಾ(ಅ)ರ ಸೈನ್ಯದಲ್ಲಿ ಆರು ಲಕ್ಷ ಯೋಧರಿದ್ದರೆಂದು ಮಸ್ಊದಿಯಂತಹ ದೊಡ್ಡ ಚರಿತ್ರೆಕಾರರು ಬರೆದಿದ್ದರು. ಅಷ್ಟು ದೊಡ್ಡ ಸೈನ್ಯಕ್ಕೆ ಅನ್ನ ಎಲ್ಲಿಂದ ಬರಬೇಕು, ಅದು ಯಾವ ಮೈದಾನದಲ್ಲಿ ನಿಲ್ಲಬೇಕು, ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯುವುದೆಂತು ಎಂದು ಇಬ್ನ್ ಖಲ್ದೂನರು ಲೆಕ್ಕ ಹಾಕಿದರು. ಅದನ್ನು ಒಪ್ಪಲಾಗದೆಂದರು. ಮದ್ರಸದಲ್ಲಿ ನಾವು ಹದೀಸಿನ ವರದಿಗಾರರ ಸರಪಳಿಯನ್ನು ಪರೀಕ್ಷಿಸುವ ಕ್ರಮವನ್ನು ಓದುತ್ತೇವೆ. ಯಾರು ಹೇಳಿದರು, ಯಾರಿಂದ ಕೇಳಿದರು, ಇಬ್ಬರೂ ಭೇಟಿಯಾಗಲು ಸಾಧ್ಯವಿತ್ತೇ ಎಂದು ವಿಚಾರಿಸುತ್ತೇವೆ. ಚರಿತ್ರೆಯ ವಿಷಯದಲ್ಲಿ ಅದಕ್ಕೂ ಮೊದಲು, ಹೇಳಿದ ಸಂಗತಿ ನಡೆಯಲು ಸಾಧ್ಯವೇ ಎಂದು ಕೇಳಬೇಕೆಂದು ಇಬ್ನ್ ಖಲ್ದೂನರು ಕಲಿಸಿದರು. ಈ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದಿದ್ದರೆ ನಮ್ಮ ಮೊಬೈಲ್‌ಗಳಲ್ಲಿ ಹರಿದಾಡುವ 'ಇತಿಹಾಸ'ದ ಮುಕ್ಕಾಲು ಪಾಲು ಅಲ್ಲೇ ನಿಂತುಬಿಡುತ್ತಿತ್ತು.

ಟಿಪ್ಪುವಿನ ಪ್ರಶ್ನೆ

ಈಗ ನೀವೆಲ್ಲ ಕಾಯುತ್ತಿರುವ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಇತಿಹಾಸವೆಂದೊಡನೆ ಟಿಪ್ಪುವಿನ ಹೆಸರು ಬರುತ್ತದೆ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿತು. 2019ರಲ್ಲಿ ಮತ್ತೊಂದು ಸರಕಾರ ಅದನ್ನು ರದ್ದುಪಡಿಸಿತು. ಜಯಂತಿ ಮಾಡುವುದು, ಬಿಡುವುದು ರಾಜಕೀಯ. ಇತಿಹಾಸಕಾರನ ಮೇಜಿನ ಮೇಲೆ ಏನಿದೆ ಎಂಬುದು ನಮ್ಮ ಇಂದಿನ ಪ್ರಶ್ನೆ.

1791ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೇನೆಯ ಸವಾರರು ಶೃಂಗೇರಿ ಮಠವನ್ನು ದೋಚಿದರು. ಆಗ ಟಿಪ್ಪು ಅಲ್ಲಿನ ಸ್ವಾಮಿಗಳನ್ನು ಜಗದ್ಗುರುಗಳೆಂದು ಸಂಬೋಧಿಸಿ ಕನ್ನಡದಲ್ಲಿ ಪತ್ರ ಬರೆದ, ಶಾರದೆಯ ಮೂರ್ತಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ. ಈ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ, 'ಕರ್ನಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು. ನಮ್ಮ ಭಾಷಣಗಳಲ್ಲೆಲ್ಲ ಈ ಪತ್ರಗಳು ಬರುತ್ತವೆ. ಬರಲೇಬೇಕು.

ಆದರೆ ಅದೇ ಮೇಜಿನ ಮೇಲೆ ಬೇರೆ ಕಾಗದಗಳೂ ಇವೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಕೊಡಗಿನಲ್ಲಿ ಸೈನಿಕ ಕಾರ್ಯಾಚರಣೆ, ಸೆರೆ, ಮತಾಂತರಗಳು ನಡೆದವು. ಇವನ್ನು ಬ್ರಿಟಿಷರ ಕಟ್ಟುಕತೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ನಮ್ಮಲ್ಲಿದ್ದಾರೆ. ಟಿಪ್ಪುವಿನ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿಗೆ ತಂದ ಕಿರ್ಕ್‌ಪ್ಯಾಟ್ರಿಕ್ ಕಂಪೆನಿಯ ಸೇನಾಧಿಕಾರಿ. 1810ರಿಂದ ಮೈಸೂರಿನ ಇತಿಹಾಸವನ್ನು ಪ್ರಕಟಿಸತೊಡಗಿದ ವಿಲ್ಕ್ಸ್ ಇಲ್ಲಿ ರೆಸಿಡೆಂಟ್ ಆಗಿದ್ದವರು. ಗೆದ್ದವರು ಸೋತವನ ಬಗ್ಗೆ ಬರೆದುದನ್ನು ಎಚ್ಚರದಿಂದ ಓದಬೇಕು ನಿಜ. ಆದರೆ 'ನಿಶಾನೆ ಹೈದರಿ' ಬರೆದ ಕಿರ್ಮಾನಿ ಹೈದರ್ ಮತ್ತು ಟಿಪ್ಪುವಿನ ಆಶ್ರಯದಲ್ಲಿದ್ದವನು. ಅವನನ್ನೂ ಅಷ್ಟೇ ಎಚ್ಚರದಿಂದ ಓದಬೇಕಲ್ಲವೇ? ಸೆರೆಯಾದವರ ಸಂಖ್ಯೆ ಒಂದೊಂದು ಮೂಲದಲ್ಲಿ ಒಂದೊಂದು ಬಗೆಯಾಗಿದೆ. ಅಲ್ಲಿ ಇಬ್ನ್ ಖಲ್ದೂನರ ಲೆಕ್ಕವನ್ನು ಹಾಕಲೇಬೇಕು. ಆದರೆ ಸಂಖ್ಯೆ ಕಡಿಮೆಯೆಂದು ತೋರಿಸಿದ ಮಾತ್ರಕ್ಕೆ ನೋವು ನಡೆದೇ ಇಲ್ಲವೆಂದಾಗುವುದಿಲ್ಲ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ, ಕೊಡವರ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. ಅವರು ನಮ್ಮ ನೆರೆಹೊರೆಯವರು. ಅವರ ನೆನಪನ್ನು ಸುಳ್ಳೆಂದು ಜರೆದು ನಮ್ಮ ನೆನಪನ್ನು ಗೌರವಿಸಿರೆಂದು ಕೇಳುವ ಹಕ್ಕು ನಮಗಿಲ್ಲ. ಒಬ್ಬನೇ ಅರಸ ಶೃಂಗೇರಿಗೆ ನೆರವನ್ನೂ ಕೊಡಗಿಗೆ ಸೈನ್ಯವನ್ನೂ ಕಳುಹಿಸಿದ್ದು ಯಾಕೆ ಎಂದು ವಿವರಿಸುವುದೇ ಇತಿಹಾಸಕಾರನ ಕೆಲಸ.

2023ರಲ್ಲಿ ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂದು ಚುನಾವಣೆಯ ಹೊತ್ತಿನಲ್ಲಿ ಪ್ರಚಾರ ನಡೆದುದು, ಚಲನಚಿತ್ರದ ಘೋಷಣೆಯೂ ಆದುದು ನಿಮಗೆ ನೆನಪಿರಬಹುದು. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಬ್ರಿಟಿಷ್ ಸೇನೆಯೊಡನೆ ಹೋರಾಡುತ್ತ ಮಡಿದ. ಆಗ ಆದಿಚುಂಚನಗಿರಿ ಮಠದ ಸ್ವಾಮೀಜಿಯವರು ಶಾಸನ, ದಾಖಲೆಗಳ ಆಧಾರವಿಲ್ಲದೆ ಇಂತಹ ವಿಷಯಗಳನ್ನು ಎತ್ತಬಾರದೆಂದು ಬುದ್ಧಿ ಹೇಳಿದರು. ಚಿತ್ರ ನಿಂತಿತು. ಆಧಾರ ಕೊಡಿ ಎಂಬ ಒಂದೇ ಮಾತಿಗೆ ಎಷ್ಟು ಶಕ್ತಿಯಿದೆ ನೋಡಿರಿ.

ಈ ಮಾತನ್ನು ನಮಗೂ ಅನ್ವಯಿಸಿಕೊಳ್ಳಬೇಕು. ಮುಂದೆ ಒಡಿಶಾದ ರಾಜ್ಯಪಾಲರಾದ ಬಿ.ಎನ್. ಪಾಂಡೆಯವರು ಹೇಳಿಕೊಂಡ ಒಂದು ಪ್ರಸಂಗವನ್ನು ನಾವು ಬರಹಗಾರರು ಎಷ್ಟೋ ಬಾರಿ ಬಳಸಿದ್ದೇವೆ. ಟಿಪ್ಪು ಬಲವಂತಪಡಿಸಿದ್ದರಿಂದ ಮೂರು ಸಾವಿರ ಬ್ರಾಹ್ಮಣರು ಆತ್ಮಹತ್ಯೆ ಮಾಡಿಕೊಂಡರೆಂದು ಪಠ್ಯಪುಸ್ತಕವೊಂದರಲ್ಲಿತ್ತು. ಪಾಂಡೆಯವರು ಅದರ ಲೇಖಕರಿಗೆ ಬರೆದು ಆಧಾರ ಕೇಳಿದರು. ಮೈಸೂರು ಗೆಝೆಟಿಯರ್ ಎಂಬ ಉತ್ತರ ಬಂತು. ಮೈಸೂರಿಗೆ ಬರೆದು ವಿಚಾರಿಸಿದಾಗ ಗೆಝೆಟಿಯರ್‌ನಲ್ಲಿ ಅಂತಹ ಮಾತೇ ಇಲ್ಲವೆಂದು ತಿಳಿಯಿತು. ಆಧಾರ ಕೇಳುವುದು ಹೇಗೆಂಬುದಕ್ಕೆ ಇದು ಒಳ್ಳೆಯ ಪಾಠ. ಆದರೆ ಇದು ಪಾಂಡೆಯವರು ದಶಕಗಳ ಬಳಿಕ ನೆನಪಿನಿಂದ ಹೇಳಿದ ಸಂಗತಿ. ಹಾಗಿದ್ದರೆ ಆ ಪತ್ರವ್ಯವಹಾರ ಎಲ್ಲಿದೆ, ಪುಸ್ತಕದ ಆ ಪುಟವನ್ನು ನಾವು ನೋಡಿದ್ದೇವೆಯೇ, ಗೆಝೆಟಿಯರನ್ನಾದರೂ ತೆರೆದಿದ್ದೇವೆಯೇ ಎಂದು ಕೇಳಬೇಕಾದವರೂ ನಾವೇ. ಹಲವು ವರ್ಷ ಈ ಪ್ರಸಂಗವನ್ನು ಬರೆಯುವಾಗ ನಾವು ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಅನುಕೂಲವಾದ ಮಾತಿಗೆ ಆಧಾರ ಕೇಳುವುದು ಕಷ್ಟ. ಇತಿಹಾಸಕಾರನ ಪರೀಕ್ಷೆ ನಡೆಯುವುದು ಅಲ್ಲಿಯೇ.

ಟೈಲ್ಸ್‌ನಡಿಯ ಶಾಸನ

ಕೊನೆಯದಾಗಿ ನಮ್ಮ ಮನೆಯ ಮಾತು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಹಳೆಯ ಮಸೀದಿಗೆ ಹೋಗಿದ್ದೆವು. ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ಬರಹವಿದೆಯೆಂದು ಹಿರಿಯರೊಬ್ಬರು ಹೇಳಿದ್ದರು. ಹೋಗಿ ನೋಡಿದರೆ ನವೀಕರಣ ಮುಗಿದಿತ್ತು. ಗೋಡೆಗೆಲ್ಲ ಹೊಳೆಯುವ ಟೈಲ್ಸ್. ಕಲ್ಲೆಲ್ಲಿ ಎಂದು ಕೇಳಿದಾಗ, 'ಒಳಗೇ ಇದೆ, ಅದರ ಮೇಲೆಯೇ ಹಾಕಿದ್ದೇವೆ' ಎಂದರು. ಹಳೆಯ ಪುಸ್ತಕಗಳ ಬಗ್ಗೆ ವಿಚಾರಿಸಿದೆವು. ಗೆದ್ದಲು ತಿಂದಿತ್ತು, ಅಗೌರವವಾಗಬಾರದೆಂದು ಹೊಳೆಗೆ ಬಿಟ್ಟೆವು ಎಂದರು. ಅವರ ಉದ್ದೇಶ ಒಳ್ಳೆಯದೇ. ಕೈರೋದವರೂ ಕಾಗದವನ್ನು ಗೌರವದಿಂದಲೇ ಕೋಣೆಗೆ ಹಾಕಿದ್ದರು. ಅಲ್ಲಿ ಉಳಿಯಿತು, ಇಲ್ಲಿ ನೀರುಪಾಲಾಯಿತು. ಪಠ್ಯಪುಸ್ತಕದಿಂದ ನಮ್ಮ ಇತಿಹಾಸವನ್ನು ಅಳಿಸಿದವರ ಬಗ್ಗೆ ನಾವು ಲೇಖನ ಬರೆದಿದ್ದೇವೆ. ಈ ಟೈಲ್ಸ್‌ನ ಬಗ್ಗೆ ಬರೆದಿರಲಿಲ್ಲ.

ನಮ್ಮ ಜಮಾಅತ್‌ಗಳ ನಿಕಾಹ್ ಪುಸ್ತಕಗಳನ್ನೇ ತೆಗೆದುಕೊಳ್ಳಿರಿ. ನೂರು ವರ್ಷದ ಪುಸ್ತಕಗಳು ಒಂದೆಡೆ ಸಿಕ್ಕರೆ ಮಹ್ರ್ ಎಷ್ಟಿತ್ತು, ಯಾವ ಊರಿನೊಡನೆ ಸಂಬಂಧ ನಡೆಯುತ್ತಿತ್ತು, ಸಾಕ್ಷಿಗಳು ಸಹಿ ಹಾಕಿದರೇ ಹೆಬ್ಬೆಟ್ಟು ಒತ್ತಿದರೇ ಎಂಬುದೆಲ್ಲ ತಿಳಿಯುತ್ತದೆ. ಅದರಿಂದ ಒಂದು ಊರಿನ ಅಕ್ಷರಜ್ಞಾನದ ಇತಿಹಾಸ ಬರೆಯಬಹುದು. ಜೊತೆಗೆ ಹಿರಿಯ ಮಹಿಳೆಯರನ್ನು ಮಾತನಾಡಿಸಿದರೆ ವರದಕ್ಷಿಣೆಯ ಪಿಡುಗು ನಮ್ಮ ಊರಿಗೆ ಯಾವ ದಶಕದಲ್ಲಿ ಕಾಲಿಟ್ಟಿತೆಂದು ತಿಳಿಯಬಹುದು. ಈ ಕೆಲಸವನ್ನು ಇಲ್ಲಿರುವ ವಿದ್ಯಾರ್ಥಿನಿಯರು ನಮಗಿಂತ ಚೆನ್ನಾಗಿ ಮಾಡಬಲ್ಲರು. ಅಜ್ಜಿಯಂದಿರು ನಮ್ಮೊಡನೆ ಹೇಳದ ಮಾತುಗಳನ್ನು ಅವರೊಡನೆ ಹೇಳುತ್ತಾರೆ.

ದಾರಿಗಳು ಇಲ್ಲವೆಂದಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅರಬಿ, ಪಾರ್ಸಿ ಶಾಸನ ವಿಭಾಗ ನಾಗಪುರದಲ್ಲಿದೆ. ಸಂಸ್ಕೃತ ಮತ್ತು ದ್ರಾವಿಡ ಭಾಷೆಗಳ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ. ರಾಜ್ಯ ಪತ್ರಾಗಾರ ಬೆಂಗಳೂರಿನಲ್ಲಿದೆ. ಮಾದರಿಗಳೂ ಇವೆ. ಗುಲಾಮ್ ಯಝ್ದಾನಿಯವರು ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ಪ್ರಕಟಿಸಿದ ಗ್ರಂಥವನ್ನು ಬಿಟ್ಟು ಆ ನಗರದ ಚರಿತ್ರೆಯನ್ನು ಬರೆಯಲಾಗದು. 2015ರಲ್ಲಿ ಹತ್ಯೆಗೀಡಾದ ಎಂ.ಎಂ. ಕಲಬುರ್ಗಿಯವರು ವಚನ ಮತ್ತು ಶಾಸನಗಳ ವಿದ್ವಾಂಸರು. ಆದರೂ ಆದಿಲ್‌ಶಾಹಿ ಕಾಲದ ಪಾರ್ಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸುವ ಕೆಲಸಕ್ಕೆ ಮುಂದಾದರು. ನಮ್ಮ ಪೂರ್ವಜರ ಕೃತಿಗಳನ್ನು ಕನ್ನಡಿಗರ ಮುಂದಿಡಬೇಕೆಂದು ಅವರಿಗೆ ಅನಿಸಿತು. ನಮಗೆ ಅನಿಸಿದ್ದು ಎಷ್ಟು?

ಪ್ರಿಯ ವಿದ್ಯಾರ್ಥಿಗಳೇ, ನೀವೆಲ್ಲರೂ ಇತಿಹಾಸಕಾರರಾಗಬೇಕೆಂದು ನಾವು ಹೇಳುತ್ತಿಲ್ಲ. ವೈದ್ಯರೂ ಇಂಜಿನಿಯರರೂ ಸಮಾಜಕ್ಕೆ ಬೇಕು. ಆದರೆ ನೂರು ಮಂದಿಯಲ್ಲಿ ಇಬ್ಬರಾದರೂ ಈ ದಾರಿಯನ್ನು ಹಿಡಿಯಲಿ. ಉಳಿದವರು ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ಊರಿನ ಮಸೀದಿಯ ಕಪಾಟನ್ನು ಆಡಳಿತ ಸಮಿತಿಯ ಅನುಮತಿ ಪಡೆದು ತೆರೆಯಿರಿ. ಅಲ್ಲಿರುವ ಪುಸ್ತಕ, ಕಾಗದಗಳ ಪಟ್ಟಿ ಮಾಡಿರಿ, ಫೋಟೊ ತೆಗೆಯಿರಿ. ಗೋರಿಕಲ್ಲುಗಳ ಮೇಲಿನ ಬರಹಗಳನ್ನು ನಕಲು ಮಾಡಿಕೊಳ್ಳಿರಿ. ಓದಲಾಗದಿದ್ದರೆ ಬೇಸರಬೇಡ, ಓದುವವರು ಮುಂದೆ ಬಂದಾರು. ನವೀಕರಣದ ಮಾತು ಬಂದಾಗ ಆ ಸಭೆಯಲ್ಲಿ ಎದ್ದು ನಿಂತು, ಈ ಕಲ್ಲನ್ನು ಮುಚ್ಚಬೇಡಿರಿ ಎಂದು ಹೇಳಿರಿ.

ಅಲ್ಲಾಹನು ನಮ್ಮೆಲ್ಲರಿಗೂ ಸತ್ಯವನ್ನು ಹುಡುಕುವ, ಅದು ನಮಗೆ ಪ್ರತಿಕೂಲವಾಗಿದ್ದರೂ ಒಪ್ಪಿಕೊಳ್ಳುವ ಶಕ್ತಿಯನ್ನು ನೀಡಲಿ. ಅಸ್ಸಲಾಮು ಅಲೈಕುಮ್.